ಪಲ್ಲವಿಗೆ ಮುಂಚಿನ ಉಸಿರು

ಈ ಸಂಗತಿಯನ್ನು ಹೇಳಬೇಕೆಂದುಕೊಂಡಾಗಲೆಲ್ಲ ನನಗೆ ಬೇರೆ ಕೆಲಸ ನೆನಪಾಗುತ್ತಿತ್ತು. ಹೆಚ್ಚಾಗಿ ಕನ್ನಡಕ ಒರೆಸುವುದು. ನಲವತ್ತು ವರ್ಷ ಒರೆಸಿದ್ದಾಯಿತು; ಇನ್ನು ಗಾಜು ಸವೆದೀತೆಂಬ ಭಯಕ್ಕೆ ಹೇಳಿಬಿಡುತ್ತೇನೆ.

ಸಾವಿರದ ಒಂಬೈನೂರ ಎಂಬತ್ತರ ಆಸುಪಾಸಿನಲ್ಲಿ ಮಧುಗಿರಿಗೆಲ್ಲ ನಾನೇ ಕಿವಿ. ಎಸ್ಸೆಸ್ಸೆಲ್ಸಿ ಪಾಸಾದ ತಾಲ್ಲೂಕು ಕಚೇರಿ ಗುಮಾಸ್ತನಿಗೆ ಈ ಪದವಿ ಬಂದದ್ದು ಆಕಸ್ಮಿಕ. ಡಾಕ್ಟರೊಬ್ಬರ ಮನೆಯಲ್ಲಿ ಹಾಡಿನ ಪ್ಲೇಟು ಕೇಳಲು ಹೊಸ ಆಂಪ್ಲಿಫೈಯರ್ ಹಾಕಿದಾಗ, ಕಾಫಿ ನಾಲಿಗೆ ಸುಟ್ಟದ್ದರಿಂದ ಕಣ್ಣು ಮುಚ್ಚಿ ಕೂತಿದ್ದೆ. ಆಮೇಲೆ, "ದನಿ ಚೆನ್ನಾಗಿದೆ, ಸ್ವಲ್ಪ ನೆಗಡಿಯಾದಂತಿದೆ" ಎಂದೆ. ಅಷ್ಟೇ. ಮುಂದೆ ಯಾರ ಮನೆಗೆ ಆಂಪ್ಲಿಫೈಯರ್ ಬಂದರೂ ನನಗೆ ಕರೆ. ಉಪ್ಪಿಟ್ಟು ತಿಂದು, ಕಣ್ಣು ಮುಚ್ಚಿ, ಒಂದಕ್ಕೆ ಗಂಟಲು ಕಟ್ಟಿದೆ ಎನ್ನುತ್ತಿದ್ದೆ, ಇನ್ನೊಂದಕ್ಕೆ ಎದೆಯಿಲ್ಲ ಎನ್ನುತ್ತಿದ್ದೆ. ಉಪ್ಪಿಟ್ಟಿಗೆ ಗೋಡಂಬಿ ಹಾಕಿದ ಮನೆಯ ಯಂತ್ರಕ್ಕೆ ಎದೆಯಿಲ್ಲವೆಂದದ್ದು ನೆನಪಿಲ್ಲ.

ಕಡಲೆಕಾಯಿ ಎಣ್ಣೆ ಮಿಲ್ಲಿನ ಗೌಡರಿಗೆ ತಾಲ್ಲೂಕಿನಲ್ಲೇ ಉತ್ತಮವಾದದ್ದು ಬೇಕಿತ್ತು. ಶಿರಾದ ರೇಡಿಯೋ ರಿಪೇರಿ ಸಾಬರೊಬ್ಬರು ಅವರಿಗಾಗಿ ಎಂಟು ತಿಂಗಳು ಕೂತು, ತಂತಿಯನ್ನು ಕೈಯಲ್ಲೇ ಸುತ್ತಿ, ಗಾಜಿನ ಬುರುಡೆಗಳ ವಾಲ್ವ್ ಆಂಪ್ಲಿಫೈಯರ್ ಕಟ್ಟಿದ್ದರು. ನಾನೋ, ಅದನ್ನು ಕೇಳುವ ಮೊದಲೇ, "ವಾಲ್ವ್ ಎಲ್ಲ ಅಜ್ಜನ ಕಾಲದ್ದು ಗೌಡ್ರೆ, ಟ್ರಾನ್ಸಿಸ್ಟರ್‌ದು ತರಿಸಿ" ಎಂದುಬಿಟ್ಟಿದ್ದೆ. ಗೌಡರು ಬೆಂಗಳೂರಿನಿಂದ ಹೊಳೆಯುವ ಪೆಟ್ಟಿಗೆಯೊಂದನ್ನು ತರಿಸಿಯೂ ಬಿಟ್ಟರು. "ಎಲ್ಡೂ ಕೇಳ್ಬುಟ್ಟು ನೀವೊಂದ್ ಹೇಳಿ, ಅದ್ನೇ ಇಟ್ಕೊಂತೀನಿ" ಎಂದು ಒಂದು ಭಾನುವಾರ ಕರೆದರು. ಶಿರಾದವರೂ ತಮ್ಮದನ್ನು ಹೊತ್ತುಕೊಂಡು ಬಂದಿದ್ದರು.

ಪ್ಲೇಟು ಹಾಕಿ ಗುಂಡಿ ಒತ್ತಿದ ಕೂಡಲೇ ಬೆಂಗಳೂರಿನದು ಕೂಗಿತು. ಶಿರಾದ್ದು ಸುಮ್ಮನೆ ಕೂತಿತ್ತು. ವಾಲ್ವುಗಳು ಕೆಂಪಗೆ ಕಾಯಬೇಕಲ್ಲ.

"ಇದೇನ್ ಸಾಬ್ರೆ, ಒಲೆ ಹಚ್ಚಿದಂಗೆ ಕಾಯ್ಕೊಂಡ್ ಕೂರ್ಬೇಕಾ?" ಎಂದರು ಗೌಡರು.

"ಮುದ್ದೆ ಬೇಕಂದ್ರೆ ಕಾಯ್ಬೇಕಲ್ವಾ ಗೌಡ್ರೆ. ನಿಮ್ ಬೆಂಗ್ಳೂರ್ದು ಬನ್ನು, ಅಂಗೇ ತಿನ್ಬೋದು."

ಆಮೇಲೆ ಶಿರಾದ್ದರಲ್ಲೂ ಅದೇ ಪ್ಲೇಟು ತಿರುಗಿತು. ಹೆಂಗಸೊಬ್ಬಳು ಹಾಡಿದ ದೇವರನಾಮ. ನೂರು ಸಲ ಕೇಳಿದ್ದೆ. ಆದರೆ ಪಲ್ಲವಿ ಎತ್ತುವ ಮುಂಚೆ ಆಕೆ ಉಸಿರೆಳೆದುಕೊಂಡದ್ದು ಅವತ್ತೇ ಕೇಳಿದ್ದು. ತೀರಾ ಹತ್ತಿರ, ನಮ್ಮ ಬೆಂಚಿನಲ್ಲೇ ಕೂತಂತೆ. ನನ್ನ ತಾಯಿ ಬೀಸುಕಲ್ಲಿನ ಮುಂದೆ ಕೂತು ಪದ ಶುರುಮಾಡುವಾಗ ಹೀಗೇ ಉಸಿರೆಳೆದುಕೊಳ್ಳುತ್ತಿದ್ದಳು. ಕಣ್ಣು ತುಂಬಿತು. ಪುಣ್ಯಕ್ಕೆ, ಪದ್ಧತಿಯಂತೆ ಮುಚ್ಚಿಕೊಂಡಿದ್ದೆ.

"ಹೆಂಗೆ?" ಎಂದರು ಗೌಡರು.

ನಿಜ ಹೇಳಿದರೆ ನನ್ನ ಹಿಂದಿನ ಮಾತೆಲ್ಲ ಬೊಗಳೆಯಾಗುತ್ತಿತ್ತು. "ದನಿ ಮಂಕು" ಎಂದೆ.

ಶಿರಾದವರು ವಾಲ್ವುಗಳು ಆರುವವರೆಗೆ ಕಾದು, ಟವೆಲಿನಲ್ಲಿ ಸುತ್ತುತ್ತ, ನನಗೊಬ್ಬನಿಗೇ ಕೇಳುವಂತೆ, "ಉಸ್ರು ಕೇಳಿಸ್ಲಿಲ್ವಾ ಸಾರ್?" ಎಂದರು.

"ಇಲ್ಲ."

ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಹೋದರು. ಆಮೇಲೆ ಅವರು ಇನ್ನೊಂದು ಆಂಪ್ಲಿಫೈಯರ್ ಕಟ್ಟಲಿಲ್ಲವಂತೆ. ಟಾರ್ಚು, ಮಿಕ್ಸಿ ರಿಪೇರಿ ಮಾಡಿಕೊಂಡಿದ್ದರಂತೆ. ಕಚೇರಿ ಕೆಲಸಕ್ಕೆ ಶಿರಾಕ್ಕೆ ಎಷ್ಟೋ ಸಲ ಹೋದೆ. ಪ್ರತಿ ಸಲವೂ ಅವರ ಅಂಗಡಿಯ ಬೀದಿ ಬಿಟ್ಟು ಸುತ್ತುಹಾಕಿ ನಡೆದೆ. ಅವರು ತೀರಿಕೊಂಡ ಸುದ್ದಿ ಬಂದ ಮೇಲೆ ಸುತ್ತುವ ಶ್ರಮ ತಪ್ಪಿತು. ಆ ಪ್ಲೇಟನ್ನು ಮಾತ್ರ ಕೊಂಡು, ಕರೆದವರ ಮನೆಯಲ್ಲೆಲ್ಲ ಹಾಕಿಸಿ ಕೇಳಿದೆ. ಹಾಡು ಸಿಕ್ಕಿತು, ಉಸಿರು ಸಿಗಲಿಲ್ಲ.

ಈಗ ನನ್ನ ಕಿವಿಯೊಳಗೇ ಕಡಲೆಬೀಜದಷ್ಟು ಆಂಪ್ಲಿಫೈಯರ್ ಇದೆ. ಅದರಲ್ಲಿ ಹೆಂಡತಿಯ ದನಿ ತಗಡಿನ ಡಬ್ಬದಿಂದ ಬರುತ್ತದೆ. "ಕೇಳಿಸ್ತೇನ್ರೀ?" ಎಂದಾಗ ಹಳೇ ಚಾಳಿಯಂತೆ ಕಣ್ಣು ಮುಚ್ಚುತ್ತೇನೆ. "ತೀರ್ಪು ಆಮೇಲ್ ಕೊಡೀರಂತೆ, ಹಾಲು ಉಕ್ತಾ ಇದೆ ನೋಡಿ" ಎನ್ನುತ್ತಾಳೆ. ಹಾಲು ಇಳಿಸಿ ಬಂದು, ಯಾರೂ ಕೇಳದ ತೀರ್ಪನ್ನು ಒಬ್ಬನೇ ಹೇಳಿಕೊಳ್ಳುತ್ತೇನೆ: ಕೇಳಿಸಿತ್ತು. ಅವತ್ತೇ ಕೇಳಿಸಿತ್ತು, ಗೌಸ್ ಸಾಬ್ರೆ.