ಬಾಣಂತಿಗೆ ಕೂಡಿಟ್ಟ ಮೊಟ್ಟೆಗಳು

ತೊಳೆದದ್ದು

ಬೀಗಿತ್ತಿ ನಮ್ಮ ಮನೆಯ ಒಂದು ಮೊಟ್ಟೆಯನ್ನು ತೆಗೆದು ನೀರು ತುಂಬಿದ ಬೋಗುಣಿಗೆ ಬಿಟ್ಟರು. ಅದು ಮುಳುಗಲಿಲ್ಲ. ತೇಲಿತು.

"ನೋಡಿದ್ರಾ? ಮುಳುಗಿದ್ರೆ ತಾಜಾ. ತೇಲಿದ್ರೆ ಕೆಟ್ಟದ್ದು. ಮೇಲೆ ನೋಡಿದ್ರೆ ಕೊಳಕು, ಒಳಗೆ ನೋಡಿದ್ರೆ ಹಿಂಗೆ," ಎಂದರು.

ನನ್ನ ಹೆಂಡತಿಯ ಮುಖ ಕಪ್ಪಾಯಿತು.

ಮಗಳನ್ನು ಚೊಚ್ಚಲ ಹೆರಿಗೆಗೆಂದು ಕೆಂಕೆರೆಗೆ ಕರೆತಂದಿದ್ದೆವು. ಬೀಗಿತ್ತಿ, ಅಂದರೆ ಅವಳ ಅತ್ತೆ, ನಮ್ಮ ಮನೆಯ ಅನುಕೂಲ ನೋಡಿ ಹೋಗಲು ಜೊತೆಗೇ ಬಂದಿದ್ದರು. ತುರುವೇಕೆರೆ ಕಡೆಯವರು. ಅವರಿಗೂ ತೆಂಗಿನ ತೋಟ, ಅವರಿಗೂ ಹಿತ್ತಲ ತುಂಬ ಕೋಳಿ. ಅವರ ಕೋಳಿಯಂಥ ಕೋಳಿ ಬೇರೆ ಯಾರ ಹಿತ್ತಲಲ್ಲೂ ಇಲ್ಲ ಎಂಬುದು ಅವರ ಅಭಿಪ್ರಾಯ.

"ಬಾಣಂತಿಗೆ ದಿನಾ ಮೊಟ್ಟೆ ಬೇಕು ಕಣಮ್ಮ," ಎಂದು ನನ್ನ ಹೆಂಡತಿಗೆ ಹೇಳಿದರು. "ಯುಗಾದಿ ಹತ್ರ ಬಂದ್ರೆ ಬಿಸ್ಲಿಗೆ ಕೋಳಿ ಮೊಟ್ಟೆ ನಿಲ್ಲಿಸ್ತವೆ. ಹೆರಿಗೆ ಆಗೋದೂ ಆಗ್ಲೇ. ಈಗಿನಿಂದ್ಲೇ ಕೂಡಿಡಿ. ನಾಮಕರಣಕ್ಕೆ ಬತ್ತೀನಿ. ಮನೇಲಿ ಮೊಟ್ಟೆ ಇದ್ರೆ ಐದು ತಿಂಗಳೂ ಇಲ್ಲೇ ಬಿಡ್ತೀನಿ. ಇಲ್ದಿದ್ರೆ ಸೊಸೇನೂ ಮಗೂನೂ ಅವತ್ತೇ ಬಸ್ ಹತ್ತಿಸ್ತೀನಿ."

ನಮಗೆ ಒಬ್ಬಳೇ ಮಗಳು. ಐದು ತಿಂಗಳು ಅವಳನ್ನೂ ಮೊಮ್ಮಗುವನ್ನೂ ಮನೆಯಲ್ಲಿಟ್ಟುಕೊಂಡು ಬಾಣಂತನ ಮಾಡಬೇಕೆಂದು ಹೆಂಡತಿ ಮದುವೆಯ ಚಪ್ಪರ ಬಿಚ್ಚಿದ ದಿನದಿಂದ ಆಸೆ ಇಟ್ಟುಕೊಂಡಿದ್ದಳು.

ಬೀಗಿತ್ತಿ ಬಸ್ಸು ಹತ್ತಿದ್ದೇ ತಡ, ಅವಳು ಹಂಡೆಗೆ ಉರಿ ಹಾಕಿದಳು. ಅಂದಿನಿಂದ ದಿನಾ ಮೊಟ್ಟೆ ತಂದು ಬೆಚ್ಚಗಿನ ನೀರಲ್ಲಿ ನೆನೆಸುವಳು. ಸೀಗೆಪುಡಿ ಹಾಕಿ ಉಜ್ಜುವಳು. ಮತ್ತೆ ನೀರು ಹಾಕುವಳು. ಮೆತ್ತನೆಯ ಬಟ್ಟೆಯಲ್ಲಿ ಒರೆಸಿ ಬುಟ್ಟಿಯಲ್ಲಿ ಸಾಲಾಗಿ ಇಡುವಳು. ಮೊಟ್ಟೆಗಳು ಫಳಫಳ ಹೊಳೆದವು. ನನ್ನ ಮದುವೆಯಲ್ಲಿ ನನಗೂ ಅಂಥ ಸ್ನಾನ ಆಗಿರಲಿಲ್ಲ.

ಕೆಲವು ವಾರಕ್ಕೆ ಬುಟ್ಟಿ ನಾರತೊಡಗಿತು. ಒಂದು ಮೊಟ್ಟೆ ಢಬ್ ಎಂದು ತಾನೇ ಸಿಡಿಯಿತು.

ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತ ಕುಳಿತಿದ್ದ ನಮ್ಮವ್ವ ಹೇಳಿದಳು. "ತೊಳೆದ ಮೊಟ್ಟೆ ಉಳಿಯಾಕಿಲ್ಲ ಕಣೇ. ಕೊಳೆ ಇದ್ರೆ ಒಣಗಿದ ತೆಂಗಿನ ನಾರಲ್ಲಿ ಒರೆಸ್ಬೇಕು. ನೀರು ಸೋಕಿಸಬಾರದು."

"ಅದನ್ನ ಮೊದ್ಲೇ ಹೇಳೋದಲ್ವಾ ಅತ್ತೆ?"

"ಮಗೀಗೆ ನೀರು ಹಾಕ್ದಂಗೆ ಹಾಕ್ತಿದ್ದೆ. ಸಾಂಬ್ರಾಣಿ ಹೊಗೆನೂ ಹಾಕ್ತೀಯೇನೋ, ನೋಡಾನ ಅಂತ ಕಾಯ್ತಾ ಇದ್ದೆ."

ಅಲ್ಲಾಡಿಸಿದ್ದು

ಬುಟ್ಟಿಯಲ್ಲಿ ಎಲ್ಲವೂ ಕೆಟ್ಟಿರಲಿಲ್ಲ. ಒಳ್ಳೆಯವು ಯಾವುವು ಎಂದು ಆರಿಸಬೇಕಿತ್ತು. ಹೆಂಡತಿ ತನ್ನ ತಮ್ಮನಿಗೆ ಹೇಳಿಕಳಿಸಿದಳು.

ನನ್ನ ಬಾಮೈದ ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವವನು. ನಮ್ಮ ಕಡೆ ತೆಂಗಿನಕಾಯಿಯನ್ನು ಸುಲಿಯದೆ ವರ್ಷದ ಹತ್ತಿರ ಅಟ್ಟದ ಮೇಲೆ ಒಣಗಲು ಬಿಡುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಲೊಡಲೊಡ ಅಂದರೆ ಕೊಬ್ಬರಿ ಆಗಿದೆ. ಸುಮ್ಮನಿದ್ದರೆ ಇನ್ನೂ ಹಸಿ. ಈ ಕೆಲಸದಲ್ಲಿ ಬಾಮೈದನ ಕಿವಿಗೆ ಸಮ ಇಲ್ಲ ಎಂದು ಮಾರುಕಟ್ಟೆಯಲ್ಲೆಲ್ಲ ಹೆಸರಿತ್ತು.

ಅವನು ಪಂಚೆ ಎತ್ತಿ ಕಟ್ಟಿ ಜಗಲಿಯ ಮೇಲೆ ಕುಳಿತ. ಒಂದೊಂದೇ ಮೊಟ್ಟೆ ಎತ್ತಿ, ಕಣ್ಣು ಮುಚ್ಚಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗೆ ಲೊಡಲೊಡ ಅಂದದ್ದು ಬಲಗಡೆ. ಸುಮ್ಮನಿದ್ದದ್ದು ಎಡಗಡೆ.

"ಬಲಗಡೆಯವು ಒಳ್ಳೆ ಮಾಲು ಕಣಕ್ಕ," ಎಂದ. "ಎಡಗಡೆಯವು ಸದ್ದೇ ಮಾಡಲ್ಲ. ಇಟ್ಟುಕೊಂಡು ಪ್ರಯೋಜನ ಇಲ್ಲ."

ತೋಟದಲ್ಲಿ ಕಾಯಿ ಕೀಳಲು ಬಂದಿದ್ದ ಆಳು ನೀರು ಕುಡಿಯಲು ನಿಂತಿದ್ದ. ಎಡಗಡೆಯ ರಾಶಿಯನ್ನೆಲ್ಲ ಬಾಮೈದ ಅವನ ಟವೆಲ್ಲಿಗೆ ಸುರಿದ. "ಹೊಳೆಗೋ ಹಳ್ಳಕ್ಕೋ ಹಾಕ್ಬುಡಪ್ಪ," ಎಂದ.

ಉಪಕಾರ ಮಾಡಿದ ತಮ್ಮನಿಗೆ ಆಮ್ಲೆಟ್ ಮಾಡಿಕೊಡೋಣ ಎಂದು ಹೆಂಡತಿ ಬಲಗಡೆಯ ರಾಶಿಯಿಂದ ಒಂದನ್ನು ತಂದು ಕಾದ ಬಾಣಲೆಗೆ ಒಡೆದಳು.

ಬಾಮೈದ ಜಗಲಿಯಿಂದ ಹಾರಿ ತೋಟ ದಾಟಿ ರಸ್ತೆ ಸೇರಿದ. ಚಪ್ಪಲಿ ನಮ್ಮಲ್ಲೇ ಉಳಿಯಿತು. ಹೆಂಡತಿ ಬಾಣಲೆ ಸಮೇತ ಹೊರಗೆ ಓಡಿಬಂದಳು. ಕೊಟ್ಟಿಗೆಯ ಎಮ್ಮೆ ಕೂಡ ಹಗ್ಗ ಜಗ್ಗಿತು. ಕೊಬ್ಬರಿ ಲೊಡಲೊಡ ಅಂದರೆ ಹದ. ಮೊಟ್ಟೆ ಲೊಡಲೊಡ ಅಂದರೆ ಕೊಳೆತಿದೆ.

ಮರುದಿನ ಬೆಳಿಗ್ಗೆ ಕಾಯಿ ಕೀಳುವವನು ಬಾಗಿಲಿಗೆ ಬಂದ. ಮುಖ ತುಂಬ ಕಳೆ.

"ಅಂಥಾ ಕೆಟ್ಟ ಮೊಟ್ಟೆ ಇನ್ನೂ ಇದ್ರೆ ಹೇಳಿಕಳಿಸಿ ಗೌಡ್ರೇ."

ರಾಗಿಯಲ್ಲಿ ಹುಗಿದದ್ದು

ಹೆಂಡತಿ ಮತ್ತೆ ಮೊದಲಿನಿಂದ ಕೂಡಿಸತೊಡಗಿದಳು. ಈ ಸಲ ನೀರು ಮುಟ್ಟಿಸಲಿಲ್ಲ. ತೆಂಗಿನ ನಾರಿನಲ್ಲೇ ಒರೆಸಿದಳು. ಇಡುವ ಕೆಲಸವನ್ನು ಅವ್ವ ವಹಿಸಿಕೊಂಡಳು.

"ರಾಗಿ ತಣ್ಣಗಿರ್ತದೆ. ರಾಗಿ ಒಳಗೆ ಹುಗಿದ್ರೆ ಮೊಟ್ಟೆ ಕೆಡಾಕಿಲ್ಲ, ಒಡೆಯಾಕೂ ಇಲ್ಲ," ಎಂದಳು.

ಮಾತು ನಿಜ. ಆದರೆ ಅವಳು ಹುಗಿದದ್ದು ನಾನು ಮಿಲ್ಲಿಗೆಂದು ಕಟ್ಟಿಡಲು ತೆಗೆದಿರಿಸಿದ್ದ ಚೀಲದಲ್ಲಿ. ಅದು ಅವಳಿಗೆ ಗೊತ್ತಿರಲಿಲ್ಲ. ಅವಳು ಹುಗಿದದ್ದು ನನಗೆ ಗೊತ್ತಿರಲಿಲ್ಲ.

ಚೀಲದ ಬಾಯಿ ಕಟ್ಟಿ ಸೈಕಲ್ಲಿಗೆ ಹೇರಿಕೊಂಡು ಹುಳಿಯಾರಿಗೆ ಹೋದೆ. ದಾರಿಯ ತುಂಬ ಗುಂಡಿ. ಒಂದು ಕಡೆ ಚೀಲ ಕೆಳಗೂ ಬಿತ್ತು. ಮಿಲ್ಲಿನಲ್ಲಿ ಜನ ಸಾಲಾಗಿ ನಿಂತಿದ್ದರು. ನನ್ನ ಹಿಂದೆ ಪೇಟೆಯ ಒಬ್ಬ ಅಜ್ಜಿ. ಹಣೆ ತುಂಬ ವಿಭೂತಿ, ಕೈಯಲ್ಲಿ ಗೋಧಿಯ ಡಬ್ಬ. ಮೊಟ್ಟೆ ಎಂಬ ಮಾತನ್ನೂ ಆಡದ ಮನೆತನ.

ನನ್ನ ಪಾಳಿ ಬಂತು. ಮಿಲ್ಲಿನವನು ಚೀಲ ಎತ್ತಿ ಒಂದೇ ಸಲಕ್ಕೆ ಮೇಲಿನ ತೊಟ್ಟಿಗೆ ಸುರಿದ. ಅಲ್ಲಿಯವರೆಗೆ ಒಂದು ಮೊಟ್ಟೆಯೂ ಒಡೆದಿರಲಿಲ್ಲ. ಅವ್ವ ಹೇಳಿದ್ದು ಸರಿಯೇ.

ಆಮೇಲೆ ಮಿಷನ್ನು ಬೇರೆ ದನಿ ತೆಗೆಯಿತು. ಬೆಲ್ಟು ಜಾರಿತು. ಹಿಟ್ಟು ಬೀಳುವ ಬಟ್ಟೆಯ ಬಾಯಿಂದ ಹಿಟ್ಟು ಬರಲಿಲ್ಲ. ಮುದ್ದೆ ಬಂತು.

ಮಿಲ್ಲಿನವನು ಬೆರಳಲ್ಲಿ ಮುಟ್ಟಿ ಮೂಸಿ ನೋಡಿದ. "ಗೌಡ್ರೇ, ಏನಿದು?"

"ಮೊಟ್ಟೆ ಇರಬೇಕು," ಅಂದೆ.

ಮಿಲ್ಲಿನಲ್ಲಿ ಒಬ್ಬರ ಹಿಟ್ಟಿನ ಚೂರು ಪಾರು ಇನ್ನೊಬ್ಬರ ಹಿಟ್ಟಿಗೆ ಸೇರುವುದು ಎಲ್ಲರಿಗೂ ಗೊತ್ತು. ಮುಂದಿನ ಪಾಳಿ ಅಜ್ಜಿಯದು. ಅಜ್ಜಿ ಗೋಧಿ ಡಬ್ಬವನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಅವುಚಿಕೊಂಡು ಬಾಗಿಲವರೆಗೆ ಹಿಂದೆ ಹಿಂದೆಯೇ ನಡೆದರು.

"ಕಲ್ಲು ತೊಳೀರಪ್ಪ!" ಎಂದು ಅಲ್ಲಿಂದ ಕೂಗಿದರು. "ತೊಳೆದ ಮೇಲೆ ಬಿಸಿಲಿಗಿಡಿ! ಆಮೇಲೆ ಇನ್ನೊಂದು ಸಲ ತೊಳೀರಿ!"

ಕಲ್ಲು ಬಿಚ್ಚಿದರು. ತೊಳೆದರು. ಬಿಸಿಲಿಗಿಟ್ಟರು. ಅಜ್ಜಿ ಕೊಡೆ ಹಿಡಿದು ಅದರ ಮುಂದೆ ಕಾವಲು ಕುಳಿತರು. ಅಂದು ಯಾರ ಮನೆಗೂ ಹಿಟ್ಟು ಹೋಗಲಿಲ್ಲ.

ಅಲ್ಲಿಂದ ಮುಂದೆ ನಾನು ಎಷ್ಟು ಬೇಗ ಹೋದರೂ ಆ ಮಿಲ್ಲಿನಲ್ಲಿ ನನ್ನ ಪಾಳಿ ಕೊನೆಯದು.

ಸುಣ್ಣದಲ್ಲಿಟ್ಟದ್ದು

ಅಷ್ಟರಲ್ಲಿ ಬಿಸಿಲು ಏರಿತ್ತು. ಕೋಳಿಗಳು ದಿನ ಬಿಟ್ಟು ದಿನ ಇಡುತ್ತಿದ್ದವು. ಹೆಂಡತಿಗೆ ನಿದ್ದೆ ಇರಲಿಲ್ಲ. ಕೋಳಿಗೂಡಿನ ಮುಂದೆ ಕುಳಿತು ಒಂದೊಂದು ಕೋಳಿಗೂ ಬುದ್ಧಿ ಹೇಳುತ್ತಿದ್ದಳು.

ರೇಡಿಯೋದಲ್ಲಿ ರೈತರಿಗಾಗಿ ಯಾರೋ ಮಾತಾಡಿದರು. ಸುಣ್ಣ ಕಲಸಿ ತಳಕ್ಕೆ ಬಿಟ್ಟು, ಮೇಲಿನ ತಿಳಿನೀರಲ್ಲಿ ಮೊಟ್ಟೆ ಮುಳುಗಿಸಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲವಂತೆ. ಹೆಂಡತಿ ದೊಡ್ಡ ಮಣ್ಣಿನ ಹರವಿ ತಂದು ಜಗಲಿಯ ಮೂಲೆಯಲ್ಲಿಟ್ಟು ಹಾಗೆಯೇ ಮಾಡಿದಳು. ಒಂದು ಮೊಟ್ಟೆಯನ್ನು ತೆಗೆದು ಒಡೆದು ನೋಡಿದಳು. ತಾಜಾ ಇತ್ತು. ನನ್ನ ಮುಂದೆ ಕುಣಿದಳು. ಅವಳು ಕುಣಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಯುಗಾದಿ ಬಂತು. ಬಾಮೈದ ಮತ್ತೆ ಬಂದ. ಹಿಂದಿನ ಸಲದ ಚಪ್ಪಲಿ ತೆಗೆದುಕೊಂಡು ಹೋಗಬೇಕಿತ್ತು. ಅಕ್ಕನ ಸಿಟ್ಟನ್ನೂ ಇಳಿಸಬೇಕಿತ್ತು. ಅಕ್ಕ ಬಟ್ಟೆ ಒಗೆಯಲು ಕೆರೆಗೆ ಹೋಗಿದ್ದಳು. ಅವಳು ಬರುವುದರೊಳಗೆ ಹಬ್ಬಕ್ಕೆ ಮನೆಯ ಗೋಡೆಗೆ ಸುಣ್ಣ ಬಳಿದುಬಿಡೋಣ ಅಂದುಕೊಂಡ. ಜಗಲಿಯ ಮೇಲೆ ಸುಣ್ಣದ ಹರವಿ ಸಿದ್ಧವಾಗಿಯೇ ಇತ್ತು.

ನಾನು ತೋಟದಿಂದ ಬಂದಾಗ ಅರ್ಧ ಗೋಡೆ ಮುಗಿದಿತ್ತು.

"ಯಾರು ಕಲಸಿದ್ರೋ ಭಾವ, ಸುಣ್ಣ ಎಲ್ಲಾ ಗಂಟುಗಂಟು," ಎಂದ. "ಇಷ್ಟಿಷ್ಟು ದಪ್ಪ ಗಂಟು. ಒನಕೆ ಹಾಕಿ ಚೆನ್ನಾಗಿ ಕುಟ್ಟಿದೆ. ಈಗ ನೋಡಿ, ಹೆಂಗೆ ನೊರೆ ಬತ್ತದೆ."

ನಾನು ಹರವಿ ನೋಡಿದೆ. ಗೋಡೆ ನೋಡಿದೆ. ನೊರೆ ಚೆನ್ನಾಗಿತ್ತು.

"ಯಾಕೆ ಭಾವ, ಸರಿಯಾಗಿಲ್ವಾ?"

"ಬಳಿ," ಅಂದೆ. "ನಿಮ್ಮಕ್ಕ ಬರಲಿ."

ಅಕ್ಕ ಬಂದಳು. ಬಾಮೈದನ ಚಪ್ಪಲಿ ಆ ಸಲವೂ ನಮ್ಮಲ್ಲೇ ಉಳಿಯಿತು.

ಗೋಡೆ ಮಾತ್ರ ಕನ್ನಡಿಯಾಯಿತು. ಊರಲ್ಲಿ ಯಾರ ಮನೆಯ ಗೋಡೆಗೂ ಆ ಮಿಂಚು ಇರಲಿಲ್ಲ. ನಮ್ಮ ಕೋಳಿಗಳು ಸಾಲಾಗಿ ನಿಂತು ಅದನ್ನು ಕುಕ್ಕತೊಡಗಿದವು. ಅವಕ್ಕೆ ತಮ್ಮ ಮಾಲಿನ ಗುರುತು ಸಿಕ್ಕಿರಬೇಕು.

ಬೋಗುಣಿಗೆ ಬಿಟ್ಟದ್ದು

ಮಗಳಿಗೆ ಹೆಣ್ಣು ಮಗು ಆಯಿತು. ತಾಯಿ ಮಗು ಚೆನ್ನಾಗಿದ್ದರು. ಮನೆಯಲ್ಲಿ ಒಂದೂ ಮೊಟ್ಟೆ ಇರಲಿಲ್ಲ. ಕೋಳಿಗಳೆಲ್ಲ ಇಡುವುದು ನಿಲ್ಲಿಸಿ ಕಾವಿಗೆ ಕೂತಿದ್ದವು. ಕಾವು ಕೊಡಲು ಮೊಟ್ಟೆ ಇಲ್ಲ. ಒಂದು ಕರಿ ಕೋಳಿಯಂತೂ ತೆಂಗಿನ ಚಿಪ್ಪಿನ ಮೇಲೆ ಕೂತು ಹತ್ತಿರ ಹೋದವರನ್ನೆಲ್ಲ ಕುಕ್ಕುತ್ತಿತ್ತು.

ನಾಮಕರಣದ ದಿನ ಬೀಗಿತ್ತಿ ಬಸ್ಸಿಳಿದರು. ಕಂಕುಳಲ್ಲಿ ಬುಟ್ಟಿ. ಮೇಲೆ ಬಟ್ಟೆ. ಒಳಗೆ ರಾಗಿ ಹೊಟ್ಟು, ಹೊಟ್ಟಿನ ನಡುವೆ ಮೊಟ್ಟೆ.

"ಅಲ್ಲ, ಗೋಡೆ ಏನು ಹಿಂಗೆ ಮಿಂಚ್ತದೆ! ಸುಣ್ಣಕ್ಕೆ ಏನು ಬೆರೆಸಿದ್ರಿ ಬೀಗರೇ?"

"ಮೊದ್ಲು ಒಳಗೆ ಬನ್ನಿ," ಅಂದೆ.

ಹೆಸರಿಟ್ಟೆವು. ಊಟ ಆಯಿತು. ಬೀಗಿತ್ತಿ ಎಲೆ ಅಡಿಕೆ ಮುಗಿಸಿ ಬಾಯಿ ಒರೆಸಿಕೊಂಡರು.

"ಎಲ್ಲಿ ತಾಯಿ, ಕೂಡಿಟ್ಟ ಮೊಟ್ಟೆ?"

ಹೆಂಡತಿ ನನ್ನನ್ನು ನೋಡಿದಳು.

"ಗೋಡೆ ಮೇಲಿದಾವೆ," ಅಂದೆ.

ಬೀಗಿತ್ತಿ ಗೋಡೆ ನೋಡಿದರು. ನನ್ನ ನೋಡಿದರು. ಒಂದು ಕೋಳಿ ಬಂದು ಗೋಡೆ ಕುಕ್ಕಿ ಹೋಯಿತು. ಅವರಿಗೆ ಅರ್ಥವಾಯಿತು.

"ಸರಿ ಬುಡಿ," ಎಂದು ಬುಟ್ಟಿಯನ್ನು ನಡುಮನೆಯಲ್ಲಿ ಇಟ್ಟರು. "ನೋಡಿ, ಇದು ಮೊಟ್ಟೆ. ನಮ್ಮ ಮನೇಲಿ ಎಂಥ ಬಿಸಿಲಿಗೂ ಕೋಳಿ ಇಡೋದು ನಿಲ್ಲಿಸಲ್ಲ. ಬಟ್ಟೆ ಕಟ್ಟಮ್ಮ, ಸಂಜೆ ಬಸ್ಸಿಗೆ ಹೋಗಾನ."

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಮಗಳು ಮಗುವನ್ನು ಎದೆಗೆ ಅವುಚಿಕೊಂಡು ನನ್ನ ಕಡೆ ನೋಡಿದಳು.

ಮೂಲೆಯಿಂದ ಅವ್ವ ಹೇಳಿದಳು. "ಅವತ್ತು ನಮ್ಮದನ್ನ ಬೋಗುಣಿಗೆ ಬಿಟ್ರಿ. ಇವತ್ತು ನಿಮ್ಮದನ್ನೂ ಬಿಡಿ. ನೋಡಾನ."

"ಓಹೋ, ಧಾರಾಳವಾಗಿ!" ಎಂದರು ಬೀಗಿತ್ತಿ.

ಹೆಂಡತಿ ಬೋಗುಣಿ ತುಂಬ ನೀರು ತಂದಿಟ್ಟಳು. ಬೀಗಿತ್ತಿ ಬುಟ್ಟಿಯಿಂದ ಒಂದು ಮೊಟ್ಟೆ ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ನೀರಿಗೆ ಬಿಟ್ಟರು.

ತೇಲಿತು.

ಹೆಂಡತಿಯ ಮುಖ ಅರಳಿತು. ಬೀಗಿತ್ತಿ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮೊಟ್ಟೆ ಕುಣಿಯಿತು. ಯಾರೂ ಮುಟ್ಟಿರಲಿಲ್ಲ. ನೀರಿನ ಮೇಲೆ ತಾನೇ ಒಮ್ಮೆ ಆ ಕಡೆ ವಾಲಿತು, ಒಮ್ಮೆ ಈ ಕಡೆ ವಾಲಿತು.

ಮನೆಯವರೆಲ್ಲ ಬೋಗುಣಿಯ ಸುತ್ತ ಬಗ್ಗಿದೆವು. ಬುಟ್ಟಿಯೊಳಗಿನಿಂದ ಸಣ್ಣ ದನಿ ಬಂತು. ಚಿಂವ್.

"ಅದು ನಿಮ್ಮನೆ ಕೋಳಿ ಕಣ್ರೀ," ಎಂದರು ಬೀಗಿತ್ತಿ.

ಚಿಂವ್ ಚಿಂವ್ ಎಂದಿತು ಬುಟ್ಟಿ. ಬೀಗಿತ್ತಿ ಬಟ್ಟೆಯನ್ನು ಬಿಗಿಯಾಗಿ ಮುಚ್ಚಿ ಮೇಲೆ ಕೈ ಇಟ್ಟರು. ಕೈ ಕೆಳಗೆ ಇನ್ನೂ ಜೋರಾಯಿತು.

"ಬಲು ತಾಜಾ ಕಣವ್ವ," ಎಂದಳು ಅವ್ವ. "ಇನ್ನೂ ಮಾತಾಡ್ತಾವೆ."

ಮೊದಲು ನಕ್ಕವಳು ಮಗಳು. ಆಮೇಲೆ ಹೆಂಡತಿ. ಆಮೇಲೆ ಯಾರನ್ನೂ ಹಿಡಿಯಲಾಗಲಿಲ್ಲ. ಮಗು ಎದ್ದು ಅತ್ತಿತು. ಕೊನೆಗೆ ಬೀಗಿತ್ತಿಯೇ ಕಣ್ಣೊರೆಸಿಕೊಂಡು ನಗುತ್ತ ನಿಜ ಹೇಳಿದರು. ಬಿಸಿಲಿಗೆ ಅವರ ಕೋಳಿಗಳೂ ನಿಲ್ಲಿಸಿದ್ದವು. ಬುಟ್ಟಿ ತುಂಬಿರಲಿಲ್ಲ. ಬರಿಗೈಲಿ ಬೀಗರ ಮನೆಗೆ ಬರುವುದು ಹೇಗೆ ಎಂದು ಕಾವಿಗೆ ಕೂತ ಕೋಳಿಯನ್ನು ಎಬ್ಬಿಸಿ ಅದರ ಕೆಳಗಿನವನ್ನೆಲ್ಲ ಎತ್ತಿಕೊಂಡಿದ್ದರು. ಆ ಕೋಳಿ ಎಷ್ಟು ದಿನದಿಂದ ಕೂತಿದೆ ಎಂದು ಯಾರೂ ನೋಡಿರಲಿಲ್ಲ. ಉಳಿದ ಕಾವನ್ನು ಬಸ್ಸಿನ ಸೆಕೆ ಕೊಟ್ಟಿತ್ತು.

ಮಾತು ಮುಗಿಯುವುದರೊಳಗೆ ಒಂದು ಮರಿ ಚಿಪ್ಪೊಡೆದು ತಲೆ ಹಾಕಿತು.

ನಾನು ಬೋಗುಣಿಯ ಮೊಟ್ಟೆಯನ್ನು ಒರೆಸಿ, ಬುಟ್ಟಿಯನ್ನು ಹಿತ್ತಲಿಗೆ ಒಯ್ದೆ. ಕರಿ ಕೋಳಿಯ ಕೆಳಗಿನ ತೆಂಗಿನ ಚಿಪ್ಪನ್ನು ತೆಗೆದು ಮೊಟ್ಟೆಗಳನ್ನು ಇಟ್ಟೆ. ಅದು ನನ್ನ ಕೈ ಕುಕ್ಕಿ, ರೆಕ್ಕೆ ಅಗಲಿಸಿ ಕೂತಿತು.

ಸಂಜೆ ಬಸ್ಸು ಬಂತು, ಹೋಯಿತು. ಬೀಗಿತ್ತಿ ಹಿತ್ತಲಲ್ಲಿದ್ದರು. "ಹದ್ದು ಬತ್ತವೆ. ನಮ್ಮ ಮರಿಗಳನ್ನ ನಿಮ್ಮ ಮೇಲೆ ಬುಟ್ಟು ಹೋಗಾಕಾಯ್ತದಾ?" ಎಂದರು.

ಮಗಳು ಐದು ತಿಂಗಳೂ ನಮ್ಮಲ್ಲೇ ಇದ್ದಳು. ಕೊಬ್ಬರಿ ಬೆಲ್ಲ ತಿಂದಳು. ಅದು ಅಟ್ಟದ ತುಂಬ ಇತ್ತು. ಮರಿ ಕಾಯಲು ಬೀಗಿತ್ತಿಯೂ ಐದು ತಿಂಗಳು ಇದ್ದರು.