ನಿಧಾನ ಸ್ಕೂಟರ್ ಓಟಕ್ಕೆ ಹನ್ನೊಂದು ಪುಟದ ಕಾನೂನು

ಕಾರ್ ರೇಸಿನ ವಿಷಯದಲ್ಲಿ ಕುಲಶೇಖರದ ನಮ್ಮ ಬಡಾವಣೆಯಲ್ಲಿ ನನಗಿಂತ ಹೆಚ್ಚು ತಿಳಿದವರು ಯಾರೂ ಇಲ್ಲ. ಇದು ಜಂಬದ ಮಾತಲ್ಲ. ಬಡಾವಣೆಯಲ್ಲಿ ಕಾರ್ ರೇಸು ನೋಡುವವರೇ ಇಬ್ಬರು. ಒಬ್ಬ ನಾನು, ಇನ್ನೊಬ್ಬರು ಪಕ್ಕದ ಮನೆಯ ಸದಾಶಿವಣ್ಣ.

ಡಿಸೆಂಬರಿನಲ್ಲಿ ಕೊನೆಯ ರೇಸು ಮುಗಿದರೆ ಮಾರ್ಚಿನವರೆಗೆ ಟಿವಿಯಲ್ಲಿ ನಮಗೆ ಏನೂ ಇರುವುದಿಲ್ಲ. ಆ ತಿಂಗಳುಗಳಲ್ಲಿ ನಾವು ಸುದ್ದಿ ತಿಂದು ಬದುಕುವವರು. ಯಾವ ಡ್ರೈವರ್ ಯಾವ ತಂಡ ಬಿಟ್ಟ, ಯಾರ ಹೊಸ ಕಾರಿಗೆ ಯಾವ ಬಣ್ಣ ಎಂದು ಸಂಜೆಯಾದರೆ ಕಾಂಪೌಂಡ್ ಗೋಡೆಯ ಆಚೆ ಅವರು, ಈಚೆ ನಾನು. ಅದರಲ್ಲೂ ಈ ಸಲ ನಿಯಮಗಳೇ ಬುಡಸಮೇತ ಬದಲಾಗಿದ್ದವು.

"ಪೊರ್ಬುಗಳೇ, ಈ ಸಲ ಕಾರು ಸಪೂರ ಅಂತೆ!" ಸದಾಶಿವಣ್ಣ ಶುರು ಮಾಡುತ್ತಿದ್ದರು. ನಮ್ಮ ಕಡೆ ಕ್ರೈಸ್ತರನ್ನು ಕರೆಯುವುದು ಹಾಗೆ, ಪೊರ್ಬು ಎಂದು.

"ಸಪೂರ ಮಾತ್ರ ಅಲ್ಲ ಮಾರಾಯ್ರೆ, ಹಗುರ ಕೂಡ. ಅರ್ಧ ಶಕ್ತಿ ಕರೆಂಟಿನದ್ದು. ಓಡುವಾಗಲೇ ರೆಕ್ಕೆ ತೆರೆದು ಮುಚ್ಚುತ್ತದೆ!"

"ಮತ್ತೆ ಹಳೇ ರೂಲ್ಸ್?"

"ಎಲ್ಲ ಕ್ಯಾನ್ಸಲ್!"

ಆ ಕೊನೆಯ ಮಾತು ಹೇಳುವಾಗ ನಾನೇ ಕೂತು ಎಲ್ಲವನ್ನೂ ಹೊಡೆದು ಹಾಕಿದಷ್ಟು ಸುಖವಾಗುತ್ತಿತ್ತು.

ಇಂಥ ಒಂದು ಸಂಜೆ ನಮ್ಮ ಬಡಾವಣೆ ಸಂಘದ ಕಾರ್ಯದರ್ಶಿ ಭಂಡಾರಿ ಮಾಸ್ಟ್ರು ಗೋಡೆಯ ಬಳಿ ನಿಂತರು. ಸಂಘದ ವಾರ್ಷಿಕ ದಿನಕ್ಕೆ ಮಹಿಳೆಯರ ನಿಧಾನ ಸ್ಕೂಟರ್ ಓಟ ಇರುತ್ತದೆ. ಬಡಾವಣೆಯ ರಸ್ತೆಯಲ್ಲೇ ಸುಣ್ಣದ ಗೆರೆಯಿಂದ ಗೆರೆಗೆ ಮೂವತ್ತು ಮೀಟರ್. ಕೊನೆಗೆ ಮುಟ್ಟಿದವರು ಗೆದ್ದಂತೆ.

"ವಿನ್ಸೆಂಟರೇ, ನೀವು ರೇಸಿನವರಲ್ವಾ? ಈ ಸಲ ಓಟದ ಉಸ್ತುವಾರಿ ನೀವೇ ನೋಡಿ. ರೂಲ್ಸ್ ಒಂದೇ ಉಂಟು. ಕಾಲು ನೆಲಕ್ಕೆ ಇಡಬಾರದು. ಅಷ್ಟೆ."

ಒಂದೇ ರೂಲ್ಸ್! ನನಗೆ ಅವಮಾನವಾಯಿತು. ನಾನು ಒಪ್ಪಿಕೊಂಡೆ.

ಇಲ್ಲಿ ಒಂದು ಮಾತು ಹೇಳಬೇಕು. ಈ ಓಟದಲ್ಲಿ ಕಳೆದ ಎರಡು ವರ್ಷ ಗೆದ್ದವಳು ನನ್ನ ಹೆಂಡತಿ ಲವೀನಾ. ಮೂರನೆಯ ಸಲವೂ ಗೆದ್ದರೆ ಬಹುಮಾನದ ಕಪ್ಪು ಶಾಶ್ವತವಾಗಿ ನಮ್ಮ ಮನೆಗೇ. ನವೆಂಬರಿನಿಂದಲೇ ಅವಳು ದಿನಾ ಬೆಳಿಗ್ಗೆ ಗೇಟಿನಿಂದ ಬಾವಿಕಟ್ಟೆಯವರೆಗೆ ಉಸಿರು ಹಿಡಿದುಕೊಂಡು ಸ್ಕೂಟರ್ ಓಡಿಸುತ್ತಿದ್ದಳು. ಆಮೆ ನೋಡಿದ್ದರೆ ಅದಕ್ಕೂ ನಾಚಿಕೆಯಾಗುತ್ತಿತ್ತು! ಒಮ್ಮೆ ಅವಳೇ ಹೇಳಿದ್ದಳು: "ನಾನು ಮಾಡಿದ ಸಾರಿಗೆ ಯಾರೂ ಚಪ್ಪಾಳೆ ಹೊಡೆಯುವುದಿಲ್ಲ. ವರ್ಷಕ್ಕೆ ಒಂದು ದಿನ ಇದಕ್ಕೆ ಹೊಡೆಯುತ್ತಾರೆ."

ನಾನು ಕೇಳಿಸಿಕೊಂಡೆ. ಹೋಗಿ ಕಂಪ್ಯೂಟರಿನ ಮುಂದೆ ಕೂತೆ.

ನಾಲ್ಕು ದಿನದಲ್ಲಿ ಹನ್ನೊಂದು ಪುಟ ಸಿದ್ಧವಾಯಿತು. ಟಯರಿನ ಗಾಳಿ, ಕನ್ನಡಿಯ ಕೋನ, ದೂರು ಸಲ್ಲಿಸುವ ವಿಧಾನ, ಬಾವುಟಗಳ ಅರ್ಥ, ಯಾವುದನ್ನೂ ಬಿಡಲಿಲ್ಲ. ಮೊದಲನೆಯ ಪುಟದ ಮೊದಲನೆಯ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿದೆ: "ಹಿಂದಿನ ಎಲ್ಲಾ ನಿಯಮಗಳು ಈ ಮೂಲಕ ರದ್ದು."

ಸದಾಶಿವಣ್ಣ ಓದಿ ಕಣ್ಣು ಒರೆಸಿಕೊಂಡರು. "ಓ ದೇವರೇ! ಇದು ಕುಲಶೇಖರಕ್ಕಲ್ಲ, ಯುರೋಪಿಗೆ ಕಳಿಸುವಂಥದ್ದು."

ಲವೀನಾಳಿಗೂ ಒಂದು ಪ್ರತಿ ಕೊಟ್ಟೆ. "ಓದುವುದು ಎಂತ? ನಾನು ಓಡಿಸುವವಳು" ಎಂದು ಅವಳು ಅದರ ಮೇಲೆ ಹಪ್ಪಳ ಹರಡಿದಳು.

ಓಟದ ಹಿಂದಿನ ದಿನ ತಾಂತ್ರಿಕ ತಪಾಸಣೆ ಎಂದು ನಿಗದಿಯಾಗಿತ್ತು. ರೇಸಿನಲ್ಲಿ ಕಾರನ್ನು ಡ್ರೈವರನ ಜೊತೆ ಸೇರಿಸಿ ತೂಗುತ್ತಾರೆ. ಕನಿಷ್ಠ ತೂಕ ಇರಲೇಬೇಕು. ನಾನೂ ಅದನ್ನೇ ಬರೆದಿದ್ದೆ. ಸದಾಶಿವಣ್ಣ ತಮ್ಮ ಹಾರ್ಡ್‌ವೇರ್ ಅಂಗಡಿಯಿಂದ ದೊಡ್ಡ ತಕ್ಕಡಿಯನ್ನು ಟೆಂಪೋದಲ್ಲಿ ತಂದು ಅಂಗಳದಲ್ಲಿ ಇಳಿಸಿದರು. ಒಂಬತ್ತು ಮಂದಿ ಮಹಿಳೆಯರು, ಒಂಬತ್ತು ಸ್ಕೂಟರ್. ಸುತ್ತಲೂ ಅವರ ಗಂಡಂದಿರು, ಅತ್ತೆಯಂದಿರು.

"ಒಬ್ಬೊಬ್ಬರಾಗಿ ಸ್ಕೂಟರ್ ಸಮೇತ ತಕ್ಕಡಿ ಹತ್ತಿ" ಎಂದೆ ನಾನು. "ತೂಕವನ್ನು ಮೈಕಿನಲ್ಲಿ ಘೋಷಿಸಲಾಗುವುದು."

ಯಾರೂ ಹತ್ತಲಿಲ್ಲ.

"ಎಂತ?" ಸದಾಶಿವಣ್ಣನ ಹೆಂಡತಿ ಸುಜಾತಕ್ಕ ಒಂದು ಹೆಜ್ಜೆ ಮುಂದೆ ಬಂದರು. ಕಳೆದ ಎರಡು ವರ್ಷವೂ ಎರಡನೆಯ ಸ್ಥಾನ ಅವರದೇ. "ನಮ್ಮನ್ನು ತೂಗುದಾ? ಮೈಕಿನಲ್ಲಿ ಹೇಳುದಾ? ನಾವೆಂತ ಗುಜರಿಯಾ?"

"ನಿಯಮ, ಸುಜಾತಕ್ಕ. ನಾಲ್ಕನೆಯ ಪುಟ..."

"ಕೊಡಿ ಇಲ್ಲಿ ಆ ನಾಲ್ಕನೆಯ ಪುಟ!"

ನಾಲ್ಕನೆಯದಲ್ಲ, ಹನ್ನೊಂದೂ ಪುಟ ಕಿತ್ತುಕೊಂಡು ಅವರು ಮನೆಗೆ ಹೋದರು. ತಕ್ಕಡಿ ಖಾಲಿಯಾಗಿಯೇ ಟೆಂಪೋ ಹತ್ತಿತು. ತೂಗಿಸಿಕೊಳ್ಳದೇ ಇರಲು ದಾರಿ ಹುಡುಕುವುದಕ್ಕೆಂದು ಸುಜಾತಕ್ಕ ಎಲ್ಲವನ್ನೂ ಓದಿದರಂತೆ. ಇಡೀ ಬಡಾವಣೆಯಲ್ಲಿ ನನ್ನ ಕೃತಿಯನ್ನು ಗಮನವಿಟ್ಟು ಓದಿದವರು ಅವರೊಬ್ಬರೇ. ದಾರಿ ಸಿಕ್ಕಿತು. ಬೇರೆಯದೇ ಸಿಕ್ಕಿತು.

ಮರುದಿನ ಹನ್ನೊಂದು ಗಂಟೆಗೆ ಓಟ. ಮುಖ್ಯ ಅತಿಥಿಯಾಗಿ ಫಳ್ನೀರಿನಿಂದ ಡಾಕ್ಟರರೊಬ್ಬರು ಬಂದು ಕೂತಿದ್ದರು. ನಾನು ಸದಾಶಿವಣ್ಣ ಮೈ ಒರೆಸುವ ಚೌಕುಳಿ ಬೈರಾಸನ್ನು ಕೋಲಿಗೆ ಕಟ್ಟಿ ಬಾವುಟ ಮಾಡಿಕೊಂಡಿದ್ದೆ. ಜೋರಾಗಿ ಬೀಸಿದೆ.

ಲವೀನಾ ಹೊರಟಳು. ನೆಟ್ಟ ದೃಷ್ಟಿ, ಅಲುಗದ ಭುಜ. ಚಕ್ರ ತಿರುಗುತ್ತಿದೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕು, ಅಷ್ಟು ನಿಧಾನ. ಜನ ಚಪ್ಪಾಳೆ ತಟ್ಟಲಿಲ್ಲ. ನಗತೊಡಗಿದರು. ಹತ್ತು ಮೀಟರ್ ಹೋದ ಮೇಲೆ ಅವಳು ತಿರುಗಿ ನೋಡಿದಳು.

ಉಳಿದ ಎಂಟು ಸ್ಕೂಟರುಗಳು ಹೊರಟೇ ಇರಲಿಲ್ಲ! ಎಂಟೂ ಜನ ಇಂಜಿನ್ ಆಫ್ ಮಾಡಿ, ಎರಡೂ ಕಾಲು ಊರಿ, ಹಾಯಾಗಿ ಕೂತಿದ್ದರು. ಸುಜಾತಕ್ಕ ಕೊಡೆ ಬಿಡಿಸಿದ್ದರು.

"ಕಾಲು! ಕಾಲು ಇಡಬಾರದು!" ನಾನು ಕೂಗಿದೆ.

"ಎಲ್ಲುಂಟು ಹಾಗೆ?" ಎಂದರು ಸುಜಾತಕ್ಕ. "ಹನ್ನೊಂದು ಪುಟದಲ್ಲಿ ಎಲ್ಲಿಯೂ ಇಲ್ಲ. ಹಳೇದೆಲ್ಲ ನೀವೇ ರದ್ದು ಮಾಡಿದ್ದೀರಿ. ಗೆಲ್ಲುದಕ್ಕೆ ಬರೆದದ್ದು ಇಷ್ಟೆ. ಕೊನೆಗೆ ಮುಟ್ಟಿದವರು ಗೆದ್ದಂತೆ. ನಮಗೆ ಅರ್ಜೆಂಟಿಲ್ಲ."

ಲವೀನಾ ನನ್ನನ್ನು ನೋಡಿದಳು. ನಂತರ, ಮೂರು ವರ್ಷದಲ್ಲಿ ಮೊದಲ ಬಾರಿಗೆ, ಓಟದ ನಡುವೆ ಕಾಲನ್ನು ನೆಲಕ್ಕೆ ಇಟ್ಟಳು. ಅವಳು ಎಲ್ಲರಿಗಿಂತ ಹತ್ತು ಮೀಟರ್ ಮುಂದಿದ್ದಳು. ಎಂದರೆ ಹತ್ತು ಮೀಟರ್ ಹಿಂದಿದ್ದಳು!

ಹನ್ನೊಂದೂವರೆಯಾಯಿತು. ಹನ್ನೆರಡಾಯಿತು. ಯಾರದೋ ಅತ್ತೆ ಬಂದು ಶರಬತ್ತು ಹಂಚಿದರು. ಡಾಕ್ಟರರು ಗಡಿಯಾರ ನೋಡಿದರು.

"ಮಾಸ್ಟ್ರೇ, ಹಳೇ ರೂಲ್ಸಿನಲ್ಲಿ ಮತ್ತೊಮ್ಮೆ ಶುರು ಮಾಡುವ" ಎಂದು ನಾನು ಗೋಗರೆದೆ.

ಭಂಡಾರಿ ಮಾಸ್ಟ್ರು ಕನ್ನಡಕ ಏರಿಸಿ ಪುಟ ತಿರುವಿದರು. "ಆಗುದಿಲ್ಲ ವಿನ್ಸೆಂಟರೇ. ಒಂಬತ್ತನೆಯ ಪುಟ. 'ಬಾವುಟ ಬೀಸಿದ ನಂತರ ಯಾವ ಕಾರಣಕ್ಕೂ ನಿಯಮ ಬದಲಿಸತಕ್ಕದ್ದಲ್ಲ.' ಚಂದ ಬರೆದಿದ್ದೀರಿ."

ಡಾಕ್ಟರರು ಎದ್ದು ನನ್ನ ಕೈ ಕುಲುಕಿದರು. "ನನಗೆ ಪೇಶೆಂಟ್‌ಗಳಿದ್ದಾರೆ. ರಿಸಲ್ಟ್ ಬಂದರೆ ಫೋನ್ ಮಾಡಿ."

ಅಷ್ಟರಲ್ಲಿ ಹಿಂದಿನಿಂದ ಗ್ಯಾಸ್ ಸಿಲಿಂಡರಿನ ಲಾರಿ ಬಂತು. ರಸ್ತೆ ಅದೊಂದೇ. ಡ್ರೈವರ್ ಹಾರ್ನಿನ ಮೇಲೆ ಕೈಯಿಟ್ಟವನು ತೆಗೆಯಲಿಲ್ಲ. ಎಂಟು ಸ್ಕೂಟರುಗಳಲ್ಲಿ ಒಂದೂ ಅಲುಗಲಿಲ್ಲ. ಲವೀನಾ ಸ್ಟಾರ್ಟ್ ಮಾಡಿದಳು. ಉಳಿದ ಇಪ್ಪತ್ತು ಮೀಟರನ್ನು ಅವಳು ದಾಟಿದ ರೀತಿಯನ್ನು ನಾನು ಸಾಯುವವರೆಗೂ ಮರೆಯಲಾರೆ. ಕಾಲು ಇಡಲಿಲ್ಲ, ಹ್ಯಾಂಡಲ್ ನಡುಗಲಿಲ್ಲ, ಹಾರ್ನಿಗೆ ಕಿವಿಗೊಡಲಿಲ್ಲ. ಆ ಡ್ರೈವರನೇ ಕೊನೆಗೆ ಹಾರ್ನ್ ನಿಲ್ಲಿಸಿ ನೋಡುತ್ತಾ ಕೂತ. ಜನರ ನಗು ಅಡಗಿತು. ಅವಳು ಗೆರೆ ದಾಟಿ, ನಿಲ್ಲಿಸದೆ, ಸೀದಾ ಮನೆಗೆ ಹೋದಳು.

ನಿಧಾನ ಓಟದಲ್ಲಿ ಮೊದಲು ಗೆರೆ ದಾಟಿದವರಿಗೆ ಒಂಬತ್ತನೆಯ ಸ್ಥಾನ!

ಮುಂದೆ ದಾರಿ ತೆರವಾದ ಮೇಲೆ ಲಾರಿಯವನು ಉಳಿದವರನ್ನು ಹಿಂದಿನಿಂದ ಇಂಚಿಂಚಾಗಿ ದಬ್ಬಿಕೊಂಡೇ ಬಂದ. ಒಬ್ಬೊಬ್ಬರಾಗಿ ದಾಟಿದರು. ಸುಜಾತಕ್ಕ ಕೊಡೆಯ ಸಮೇತ ಎಂಟನೆಯವರಾಗಿ ದಾಟಿ ಎರಡೂ ಕೈ ಮೇಲೆತ್ತಿದರು. ಆಗ ಲಾರಿಯ ಹಿಂದಿನಿಂದ ಕೊನೆಯ ಸ್ಪರ್ಧಿ ಗ್ಲಾಡಿಸ್ ಬಾಯಿ ಬಂದರು. ಬಿಸಿಲಿನಲ್ಲಿ ನಿಂತು ನಿಂತು ಅವರ ಸ್ಕೂಟರ್ ಸ್ಟಾರ್ಟೇ ಆಗದ್ದರಿಂದ ಲಾರಿಗೆ ದಾರಿ ಬಿಟ್ಟು ಬದಿಗೆ ಸರಿದಿದ್ದರು. ಏದುಸಿರು ಬಿಡುತ್ತಾ ತಳ್ಳಿಕೊಂಡು ಬಂದಿದ್ದರು. ತಳ್ಳಬಾರದೆಂದು ನಾನು ಎಲ್ಲಿ ಬರೆದಿದ್ದೆ? ಕಪ್ಪು ಅವರಿಗೇ ಹೋಯಿತು. "ಎಂತಕ್ಕೆ ಇದು? ನನಗೆ ಮೆಕ್ಯಾನಿಕ್ ಬೇಕಿತ್ತು" ಎಂದು ಅವರು ಗಾಬರಿಯಿಂದ ತೆಗೆದುಕೊಂಡರು.

ಮನೆಯಲ್ಲಿ ನಮ್ಮದು ಕೊಂಕಣಿ. ವಿಪರೀತ ಸಿಟ್ಟು ಬಂದರೆ ಮಾತ್ರ ಲವೀನಾ ಕನ್ನಡಕ್ಕೆ ಇಳಿಯುತ್ತಾಳೆ.

"ಊಟ ಮೇಜಿನ ಮೇಲೆ ಉಂಟು" ಎಂದಳು. ಕನ್ನಡದಲ್ಲಿ.

"ಲವೀನಾ, ನಾನು ನಿನಗೆ ಒಳ್ಳೆಯದಾಗಲಿ ಅಂತಲೇ..."

"ನೀವು ದೊಡ್ಡವರು. ನಿಮಗೆ ಹನ್ನೊಂದು ಪುಟ ಗೊತ್ತುಂಟು. ನನಗೆ ಗೊತ್ತಿದ್ದದ್ದು ಒಂದೇ. ಕಾಲು ಇಡದೆ ಓಡಿಸುದು. ಅದನ್ನೇ ನೀವು ಕ್ಯಾನ್ಸಲ್ ಮಾಡಿದಿರಿ."

ಮೂರು ವಾರ ನಮ್ಮ ಮನೆಯಲ್ಲಿ ಕನ್ನಡ ನಡೆಯಿತು. ಸದಾಶಿವಣ್ಣ ಗೋಡೆಯ ಹತ್ತಿರ ಬರುವುದನ್ನು ಬಿಟ್ಟರು. ಸುಜಾತಕ್ಕನ ಅಪ್ಪಣೆಯಂತೆ. ಹೊಸ ಕಾರುಗಳ ಮೊದಲ ಪರೀಕ್ಷೆಯ ಸುದ್ದಿ ಬಂದ ದಿನ ನಾನು ಅದನ್ನು ಬಾವಿಕಟ್ಟೆಗೆ ಹೇಳಿದೆ.

ಫೆಬ್ರವರಿಯಲ್ಲಿ ಸಂಘದ ಮಹಾಸಭೆ. ಭಂಡಾರಿ ಮಾಸ್ಟ್ರು ಒಂದು ಚೀಟಿಯಿಂದ ನಿರ್ಣಯ ಓದಿದರು: "ಸಂಘದ ಸ್ಪರ್ಧೆ, ಸಭೆ, ಊಟ ಅಥವಾ ಇನ್ನಾವುದೇ ಕಾರ್ಯಕ್ರಮದ ಬಗ್ಗೆ ವಿನ್ಸೆಂಟರು ಬರೆದದ್ದು, ಬರೆಸಿದ್ದು ಅಥವಾ ಬಾಯಿಮಾತಿನಲ್ಲಿ ಹೇಳಿದ್ದು ಯಾವುದೂ ಎಂದಿಗೂ ನಿಯಮವಾಗತಕ್ಕದ್ದಲ್ಲ."

ಚೀಟಿಯನ್ನು ಕೇಳಿ ಪಡೆದೆ. ಮೂರು ಸಲ ಓದಿದೆ. ನುಸುಳಲು ಒಂದು ಸಂದೂ ಸಿಗಲಿಲ್ಲ. ಪರಿಣತನಾಗಿ ನಾನು ಮೆಚ್ಚಲೇಬೇಕಾಯಿತು.

"ಭಾರಿ ಲಾಯಕ್ಕಾಗಿ ಬರೆದಿದ್ದಾರೆ ಮಾಸ್ಟ್ರೇ. ಯಾರು?"

ಮಾಸ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. "ನಿಮ್ಮ ಮನೆಯವರು."

ಹೆಂಗಸರ ಸಾಲಿನಲ್ಲಿ ಲವೀನಾ ನೇರವಾಗಿ ಮುಂದೆ ನೋಡುತ್ತಾ ಕೂತಿದ್ದಳು. ಪರವಾಗಿ ಇರುವವರು ಕೈ ಎತ್ತಬೇಕೆಂದರು. ನಾನೂ ಎತ್ತಿದೆ. ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು.