ಒಂದೇ ಕೋಡು

ತಪ್ಪೆಲ್ಲ ಯಜಮಾನರ ನಾಲಿಗೆಯದು. ಎಲುಬಿಲ್ಲದ ಆ ನಾಲಿಗೆ ಬೆಳಗ್ಗೆ ಬೆಳಗ್ಗೆಯೇ ಜಿಮ್ ಮಾಲೀಕರಿಗೆ ಫೋನಿನಲ್ಲಿ, "ಬರೀ ಮೊಬೈಲ್ ಏನು ಸಾರ್, ನಿಮ್ಮ ಆ್ಯಪ್ ವೆಬ್‌ನಲ್ಲೂ ಓಡುತ್ತೆ. ಒಂದೇ ಕೋಡು! ಸಂಜೆ ಬನ್ನಿ, ಕಂಪ್ಯೂಟರಲ್ಲೇ ತೋರಿಸ್ತೀವಿ" ಎಂದುಬಿಟ್ಟಿತು. ಕೋಡು ಬರೆದವನು ಪಕ್ಕದಲ್ಲೇ ಕುಳಿತಿದ್ದ. ಅವನಿಗೆ ಇದ್ದದ್ದು ಬರೆಯುವ ಕೋಡು ಮಾತ್ರ. ತಲೆಯ ಮೇಲೂ ಎರಡಿದ್ದಿದ್ದರೆ ಅಲ್ಲೇ ಹಾಯುತ್ತಿದ್ದ.

ಆಫೀಸಿನಲ್ಲಿ ಎಲ್ಲರೂ ಅವನನ್ನು ಕಡ್ಡಿ ಎನ್ನುತ್ತಿದ್ದರು. ಅಂಗಿ ತೊಟ್ಟರೆ ಗೂಟಕ್ಕೆ ಸಿಕ್ಕಿಸಿದಂತೆ ಕಾಣುತ್ತಿತ್ತು. ಅಂಥವನ ಕೈಯಲ್ಲಿ ವ್ಯಾಯಾಮದ ಆ್ಯಪ್ ಬರೆಸಿದ್ದರು: ಫೋನು ಹಿಡಿದು ಜಿಗಿದರೆ ಎಷ್ಟು ಸಲ ಜಿಗಿದಿರೆಂದು ಅದು ಎಣಿಸಬೇಕು.

"ಸಾರ್, ಒಂದೇ ಕೋಡು ಅನ್ನೋದೇನೋ ನಿಜ. ಆದ್ರೆ ಅಲುಗಾಡಿದ್ದು ಫೋನಿಗೆ ಗೊತ್ತಾಗುತ್ತೆ, ಈ ಕಂಪ್ಯೂಟರಿಗೆ ಗೊತ್ತಾಗಲ್ಲ..."

"ಕಡ್ಡಿನ ಗುಡ್ಡ ಮಾಡ್ಬೇಡ. ಸಂಜೆ ಓಡಿದ್ರೆ ನಾಳೆಯಿಂದ ನಿನಗೆ ರಜೆ. ಓಡ್ಲಿಲ್ಲ ಅಂದ್ರೂ ರಜೆನೇ. ವಾಪಸ್ ಬರೋದು ಬೇಡ, ಅಷ್ಟೆ."

ಮನೆಯಲ್ಲಿ ಕಡ್ಡಿಯ ಹೆಂಡತಿ ಸೂಟ್‌ಕೇಸಿನ ಮೇಲೆ ಕುಳಿತು ಜಿಪ್ ಎಳೆಯುತ್ತಿದ್ದಳು. ಮದುವೆಯಾದಾಗಿನಿಂದ ತೋರಿಸುತ್ತೇನೆಂದಿದ್ದ ಸಮುದ್ರ, ಅಂತೂ ನಾಳೆ.

ಕಡ್ಡಿ ಕೋಡನ್ನು ವೆಬ್‌ನಲ್ಲಿ ಓಡಿಸಿದ. ಪರದೆ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗೆ ನಿಂತಿತು. ಅಲ್ಲಿ ಕಿತ್ತು, ಇಲ್ಲಿ ಕಟ್ಟಿ, ಬೆವರು ಒರೆಸಿಕೊಂಡ ಮೇಲೆ ಆ್ಯಪ್ ಹೇಗೋ ಕಣ್ಣು ಬಿಟ್ಟಿತು. ಫೋನಿನಲ್ಲಿ ಹೆಬ್ಬೆರಳಷ್ಟಿದ್ದ 'ಶುರು' ಗುಂಡಿ ಇಲ್ಲಿ ಈ ಅಂಚಿನಿಂದ ಆ ಅಂಚಿನವರೆಗೆ ಚಾಪೆ ಹಾಸಿಕೊಂಡಿತ್ತು.

"ಮಲಗೋಕೆ ಚೆನ್ನಾಗಿದೆ," ಎಂದರು ಬಗ್ಗಿ ನೋಡಿದ ಲೆಕ್ಕ ವಿಭಾಗದ ಅಕ್ಕ. ಕಂಪ್ಯೂಟರಿನ ರೋಗಕ್ಕೆಲ್ಲ ಅವರ ಬಳಿ ಒಂದೇ ಮದ್ದು. "ಒಂದ್ಸಲ ಆರಿಸಿ ಹಚ್ಚು ತಮ್ಮಾ, ಸರಿಹೋಗುತ್ತೆ." ತಮ್ಮನಿಗೇಕೆ ತೊಂದರೆಯೆಂದು ತಾವೇ ಆರಿಸಿಯೂಬಿಟ್ಟರು. ಉಳಿಸಿಡದಿದ್ದ ಬೆಳಗಿನ ಕೆಲಸವೆಲ್ಲ ನೀರಿನಲ್ಲಿ ಹೋಮವಾಯಿತು.

ಮತ್ತೆ ಕಟ್ಟಿ ನಿಲ್ಲಿಸುವಷ್ಟರಲ್ಲಿ ಟೆಸ್ಟರ್ ಕುರ್ಚಿ ಎಳೆದುಕೊಂಡು ಬಂದ. ಆ್ಯಪಿನ ತಪ್ಪು ಹುಡುಕುವುದು ಅವನ ಉದ್ಯೋಗ. ಉಂಡ ಅನ್ನಕ್ಕಿಂತ ಕಂಡವರ ತಪ್ಪೇ ಅವನಿಗೆ ಮೈಗೆ ಹತ್ತುತ್ತಿತ್ತು.

"ಬೆರಳಲ್ಲಿ ತಳ್ಳಿದ್ರೆ ಪುಟ ತಿರುಗ್ತಿಲ್ಲ."

"ಇದು ಕಂಪ್ಯೂಟರ್ ಕಣಯ್ಯಾ, ಮೌಸ್ ಇದೆ. ಬೆರಳಲ್ಲಿ ಯಾಕೆ ತಳ್ತೀಯ?"

"ಪರದೆ ಮೇಲೆ ಬೆರಳಿನ ಗುರುತು ಬೇರೆ ಬಿತ್ತು," ಎಂದು ಟೆಸ್ಟರ್ ಅದನ್ನೂ ತಪ್ಪಿನ ಲೆಕ್ಕಕ್ಕೆ ಸೇರಿಸಿದ.

ಎಲ್ಲ ಮುಗಿದು ಉಳಿದದ್ದು ಜಿಗಿತ. ಕಡ್ಡಿ ಲ್ಯಾಪ್‌ಟಾಪ್ ಹಿಡಿದು ಎಷ್ಟು ಕುಪ್ಪಳಿಸಿದರೂ ಅಂಕಿ ಸೊನ್ನೆ ಬಿಟ್ಟು ಕದಲಲಿಲ್ಲ. ಗಡಿಯಾರ ಮಾತ್ರ ಕದಲುತ್ತಿತ್ತು. ದಾರಿಗಾಣದೆ ಅವನೊಂದು ಸುಳ್ಳು ಬರೆದ: ಸ್ಪೇಸ್ ಬಾರ್ ಒಂದು ಸಲ ಒತ್ತಿದರೆ ಒಂದು ಜಿಗಿತ.

"ನಾನು ಜಿಗೀತಿರ್ತೀನಿ. ನೀನು ವೈರಿಲ್ಲದ ಕೀಬೋರ್ಡ್ ಹಿಡ್ಕೊಂಡು ಕಪಾಟಿನ ಹಿಂದೆ ನಿಂತು ಒತ್ತು. ನಿನ್ನ ದಮ್ಮಯ್ಯ," ಎಂದು ಟೆಸ್ಟರನ ಕೈ ಹಿಡಿದ.

"ಇದು ಮೋಸ ಅಲ್ವಾ?"

"ಹೌದು. ಅದನ್ನ ನಾಳೆ ಹುಡುಕು."

ಸಂಜೆ ಜಿಮ್ ಮಾಲೀಕರು ಬಂದರು. ಅವರನ್ನು ಒಳಗೆ ಬಿಡಲು ಬಾಗಿಲೇ ಒಂದು ಕ್ಷಣ ಯೋಚಿಸಿತು. ಯಜಮಾನರು ಕರವಸ್ತ್ರದಿಂದ ಕುರ್ಚಿ ಒರೆಸಿ ಕೂರಿಸಿದರು.

ಕಡ್ಡಿ ಲ್ಯಾಪ್‌ಟಾಪಿನ ಪರದೆಯನ್ನು ಅವರತ್ತ ತಿರುಗಿಸಿ, ಎದೆಗವಚಿಕೊಂಡು ಜಿಗಿದ. ಒಂದು. ಎರಡು. ಮೂರು. ಕಪಾಟಿನ ಹಿಂದಿನ ಬೆರಳು ತಾಳ ತಪ್ಪಲಿಲ್ಲ. ಹತ್ತಾಗುವಷ್ಟರಲ್ಲಿ ಕಡ್ಡಿಗೆ ಏದುಸಿರು ಬಂದಿತ್ತು. ಯಜಮಾನರ ಮುಖ ಮಾತ್ರ ಊರಗಲ ಅರಳಿತ್ತು.

ಅದೇ ಹೊತ್ತಿಗೆ ಕಪಾಟಿನ ಹಿಂದೆ ಅಕ್ಕ ಫೈಲು ಹುಡುಕುತ್ತ ಬಂದರು. "ಕೆಲಸ ಇಲ್ಲದೆ ನಿಂತಿದ್ದೀಯಲ್ಲ, ಇದನ್ನ ಹಿಡ್ಕೋ," ಎಂದು ಪಿಸುಗುಟ್ಟಿ, ಫೈಲುಗಳ ರಾಶಿಯನ್ನು ಟೆಸ್ಟರನ ಕೈಯಲ್ಲಿದ್ದ ಕೀಬೋರ್ಡಿನ ಮೇಲೆಯೇ ಹೇರಿದರು.

ಸ್ಪೇಸ್ ಬಾರ್ ಒತ್ತಿದ್ದು ಮೇಲೇಳಲಿಲ್ಲ. ಅಂಕಿ ಹಗ್ಗ ಕಿತ್ತ ಕರುವಿನಂತೆ ಓಡಿತು. ನೂರು, ಇನ್ನೂರು, ಐನೂರು! ಕಡ್ಡಿ ಗರಬಡಿದವನಂತೆ ನಿಂತೇ ಇದ್ದ. ಯಜಮಾನರ ಮುಖ ಹರಳೆಣ್ಣೆ ಕುಡಿದಂತಾಯಿತು. ಮಾಲೀಕರು ಕಣ್ಣು ಕಿರಿದು ಮಾಡಿ ಒಮ್ಮೆ ಅಂಕಿಯನ್ನೂ ಒಮ್ಮೆ ಕಡ್ಡಿಯ ಕಾಲನ್ನೂ ನೋಡಿದರು.

"ಕ್ಷಮಿಸಿ ಸಾರ್," ಎಂದ ಕಡ್ಡಿ. "ವೆಬ್‌ನಲ್ಲಿ... ಜಿಗೀದೇ ಇದ್ರೂ ಎಣಿಸ್ತಿದೆ."

ಮಾಲೀಕರು ಎದ್ದು ಬಂದು ಬೆನ್ನು ತಟ್ಟಿದರು. ಕಡ್ಡಿ ಗೋಡೆಯವರೆಗೆ ಹೋಗಿ ನಿಂತ.

"ಇದೇ ಕಣ್ರೀ ನನಗೆ ಬೇಕಾಗಿದ್ದು! ನಮ್ಮ ಮೆಂಬರ್‌ಗಳು ಒಂದು ವಾರ ಜಿಗೀತಾರೆ. ಅಂಕಿ ಏರಲ್ಲ, ಬೇಜಾರಾಗುತ್ತೆ, ಬಿಟ್ಟು ಹೋಗ್ತಾರೆ. ಇದಾದ್ರೆ ಕೂತಲ್ಲೇ ಐನೂರು! ಖುಷಿಯಾಗಿ ವರ್ಷವರ್ಷ ಚಂದಾ ಕಟ್ತಾರೆ. ಜಿಮ್ಮಿಗೆ ಬರೋದೂ ಇಲ್ಲ, ನನ್ನ ಮೆಷಿನ್ ಸವೆಯೋದೂ ಇಲ್ಲ."

ಕಡ್ಡಿಗೆ ಅಲೆಗಳ ಸದ್ದು ಕೇಳಿಸಿತು. "ಹಾಗಾದ್ರೆ ಸಾರ್, ನಾನು ನಾಳೆಯಿಂದ..."

"ಆದ್ರೆ," ಮಾಲೀಕರು ಜೇಬಿನಿಂದ ಫೋನು ತೆಗೆದರು, "ಇದ್ರಲ್ಲಿ ಯಾಕೆ ಹೀಗೆ ಬರ್ತಿಲ್ಲ?"

"ಅದು... ನಿಜವಾಗ್ಲೂ ಜಿಗಿದ್ರೆ ಮಾತ್ರ ಎಣಿಸುತ್ತೆ ಸಾರ್. ಹಾಗೇ ಬರೆದಿರೋದು."

"ಬರುತ್ತೆ ಸಾರ್, ಯಾಕೆ ಬರಲ್ಲ! ಒಂದೇ ಕೋಡು!" ಯಜಮಾನರು ಚೇತರಿಸಿಕೊಂಡಿದ್ದರು. "ರಜೆ ಗಿಜೆ ಎಲ್ಲ ಆಮೇಲೆ. ಇವನೇ ಕೂತು ಸರಿ ಮಾಡ್ತಾನೆ."

ಟೆಸ್ಟರ್ ಧೂಳು ಕೊಡವುತ್ತ ಕಪಾಟಿನ ಹಿಂದಿನಿಂದ ಬಂದ. ಬಂದವನೇ ತನ್ನ ಕಂಪ್ಯೂಟರಿನ ಮುಂದೆ ಕುಳಿತು, ಕಡ್ಡಿಯ ಹೆಸರಿಗೆ ಹೊಸ ದೂರೊಂದನ್ನು ಟೈಪ್ ಮಾಡಿದ:

"ಫೋನ್ ಆ್ಯಪಿನಲ್ಲಿ ಗಂಭೀರ ದೋಷ. ಜಿಗಿಯದಿದ್ದರೆ ಎಣಿಸುತ್ತಿಲ್ಲ."